ಡೇಟ್ ಮುಂದೆ ಹಾಕುವ ಮಾತ್ರೆ: ನುಂಗುವವರನ್ನು ಯಾರೂ ಕೇಳದ ಪ್ರಶ್ನೆಗಳು

(ದಾವಣಗೆರೆಯಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ದುಗ್ಗಮ್ಮನ ಜಾತ್ರೆ ಇರಲಿ, ಉಚ್ಚಂಗಿದುರ್ಗಕ್ಕೆ ಹೋಗುವುದಿರಲಿ, ಮನೆಯಲ್ಲಿ ಗೃಹಪ್ರವೇಶ ಇರಲಿ, ದಿನ ಗೊತ್ತಾದ ಕೂಡಲೇ ಹೆಣ್ಣುಮಕ್ಕಳು ಮುಟ್ಟಿನ ದಿನ ಎಣಿಸಲು ಕ್ಯಾಲೆಂಡರ್ ನೋಡುತ್ತಾರೆ. ಲೆಕ್ಕ ಹೊಂದಲಿಲ್ಲ ಎಂದರೆ ಮನೆಯ ಹುಡುಗನನ್ನು ಮೆಡಿಕಲ್ ಶಾಪಿಗೆ ಓಡಿಸುತ್ತಾರೆ. ಅವನು ಹೋಗಿ ತಗ್ಗಿದ ದನಿಯಲ್ಲಿ "ಡೇಟ್ ಮುಂದೆ ಹೋಗೋ ಗುಳಿಗೆ ಕೊಡ್ರಿ" ಅನ್ನುತ್ತಾನೆ. ಅಂಗಡಿಯವರು ಶೀಟ್ ಕತ್ತರಿಸಿ ಆರೋ ಹತ್ತೋ ಕೊಟ್ಟು, ದಿನಕ್ಕೆ ಮೂರು ಅಂತ ಹೇಳಿ ಕಳಿಸುತ್ತಾರೆ. ಆ ಕತ್ತರಿಸಿದ ತುಂಡನ್ನು ಒಮ್ಮೆ ನೋಡಿ. ಔಷಧದ ಹೆಸರು ಅರ್ಧ ಇರುತ್ತದೆ. ಎಕ್ಸ್‌ಪೈರಿ ತಾರೀಕು ಅಂಗಡಿಯಲ್ಲೇ ಉಳಿದ ಇನ್ನೊಂದು ತುಂಡಿನ ಮೇಲಿರುತ್ತದೆ. ವೈದ್ಯರ ಚೀಟಿ ಇಲ್ಲದೆ ಕೊಡಬಾರದು ಎಂದು ಸೂಚಿಸುವ ಕೆಂಪು ಗೆರೆಯೂ ತುಂಡಾಗಿರುತ್ತದೆ.

ಈ ಮಾತ್ರೆ ವಿಷ ಎಂದು ಹೇಳಲು ನಾನು ಬಂದಿಲ್ಲ. ಸ್ತ್ರೀರೋಗ ತಜ್ಞರು ಇದನ್ನು ದಶಕಗಳಿಂದ ಬರೆಯುತ್ತಿದ್ದಾರೆ. ಆರೋಗ್ಯವಂತ ಹೆಣ್ಣುಮಗಳು ವಾರ, ಹತ್ತು ದಿನ ತೆಗೆದುಕೊಂಡರೆ ಬಹುಪಾಲು ಏನೂ ಆಗುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಮಾತ್ರೆ ನುಂಗುವವಳು ಅಂಗಡಿಯ ಮುಂದೆ ಇರುವುದಿಲ್ಲ. ಅವಳಿಗೆ ಬಿಪಿ ಇದೆಯಾ, ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಹೆರಿಗೆಯಾಗಿ ಎಷ್ಟು ದಿನವಾಯಿತು, ಕ್ಷಯಕ್ಕೆ ಮಾತ್ರೆ ತಗೊಳ್ತಾ ಇದ್ದಾಳಾ ಎಂದು ಕೇಳಿದರೂ ಆ ಹುಡುಗ ಏನು ಹೇಳಿಯಾನು? ಹಾಗಾಗಿ ಕೇಳುವವರೇ ಇಲ್ಲ. ಆ ಕೇಳುವ ಕೆಲಸವನ್ನು ಇಲ್ಲಿ ಕೂತಿರುವ ನೀವು ಮಾಡಬಹುದು. ಅದಕ್ಕೇ ಇಷ್ಟು ಮಾತು.

ಮೊದಲು, ಮಾತ್ರೆ ಏನು ಮಾಡುತ್ತದೆ? ಇದರ ಹೆಸರು ನಾರ್‌ಎಥಿಸ್ಟೆರಾನ್. ಪ್ರಿಮೊಲಟ್-ಎನ್, ರೆಜೆಸ್ಟ್ರೋನ್ ಎಂಬ ಹೆಸರುಗಳಲ್ಲಿ ಸಿಗುವುದು ಇದೇ. ಒಂದು ಮಾತ್ರೆಯಲ್ಲಿ 5 ಮಿಲಿಗ್ರಾಂ. ನಮ್ಮ ದೇಹದಲ್ಲಿ ತಿಂಗಳ ಎರಡನೇ ಅರ್ಧದಲ್ಲಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಗರ್ಭಕೋಶದ ಒಳಪದರವನ್ನು ಹಿಡಿದು ನಿಲ್ಲಿಸಿರುತ್ತದೆ. ಗರ್ಭ ನಿಲ್ಲದಿದ್ದರೆ ಆ ಹಾರ್ಮೋನು ಇಳಿಯುತ್ತದೆ, ಪದರ ಕಳಚುತ್ತದೆ, ಮುಟ್ಟಾಗುತ್ತದೆ. ಮಾತ್ರೆ ಅದೇ ಜಾತಿಯ ಹಾರ್ಮೋನು. ಹೊರಗಿನಿಂದ ಕೊಡುತ್ತಿರುವಷ್ಟು ದಿನ ಪದರ ನಿಲ್ಲುತ್ತದೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಕಳಚುತ್ತದೆ. ಕೆಟ್ಟ ರಕ್ತ ಒಳಗೇ ಉಳಿದುಬಿಡುತ್ತದೆ ಎಂದು ಹಿರಿಯರು ಹೆದರಿಸುತ್ತಾರಲ್ಲ, ಆ ಭಯ ಬೇಡ. ರಕ್ತ ಎಲ್ಲೂ ಕಟ್ಟಿಕೊಂಡು ಕೂತಿರುವುದಿಲ್ಲ. ಪದರ ಇನ್ನೂ ಕಳಚಿಲ್ಲ, ಅಷ್ಟೇ.

ಈಗ ಲೆಕ್ಕ. ಮುಟ್ಟು 20ನೇ ತಾರೀಕು ಬರಬೇಕು ಅಂದುಕೊಳ್ಳಿ. ಮೂರು ದಿನ ಮುಂಚೆ, ಅಂದರೆ 17ರಿಂದ ಶುರು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು, ಒಟ್ಟು ದಿನಕ್ಕೆ 15 ಮಿಲಿಗ್ರಾಂ. ಕಾರ್ಯ 24ಕ್ಕೆ ಮುಗಿಯುತ್ತದೆ ಎಂದರೆ 24ರ ರಾತ್ರಿಗೆ ನಿಲ್ಲಿಸಿ. 26, 27ರ ಹೊತ್ತಿಗೆ ಮುಟ್ಟಾಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಆಗುವ ಎಡವಟ್ಟು ಎಂದರೆ 20ರ ಬೆಳಿಗ್ಗೆ ಹೊಟ್ಟೆನೋವು ಶುರುವಾದ ಮೇಲೆ ಮಾತ್ರೆ ತರಿಸುವುದು. ಅಷ್ಟರಲ್ಲಿ ಹಾರ್ಮೋನು ಇಳಿದಾಗಿರುತ್ತದೆ, ಪದರ ಸಡಿಲವಾಗಿರುತ್ತದೆ, ಮಾತ್ರೆ ಹಿಡಿಯುವುದಿಲ್ಲ. ಆಗ ಗಾಬರಿಯಲ್ಲಿ ಒಮ್ಮೆಲೇ ಎರಡೆರಡು ನುಂಗುತ್ತಾರೆ. ಅದರಿಂದ ವಾಂತಿ, ತಲೆಸುತ್ತು ಬರುತ್ತದೆಯೇ ಹೊರತು ಮುಟ್ಟು ನಿಲ್ಲುವುದಿಲ್ಲ. ಇನ್ನೊಂದು ಎಡವಟ್ಟು, ಮಧ್ಯಾಹ್ನದ ಮಾತ್ರೆ ಬಿಡುವುದು. ಅಡುಗೆ, ನೆಂಟರು, ಪೂಜೆ ಎಂದು ಓಡಾಡುವಾಗ ಅದೇ ಮರೆಯುವುದು. ಮರೆತರೆ ಕಲೆ ಕಾಣಿಸಿಕೊಳ್ಳುತ್ತದೆ. ಮುಟ್ಟಿನ ದಿನವೇ ನಿಗದಿಯಿಲ್ಲದ, ಪಿಸಿಓಡಿ ಎಂಬ ಹಾರ್ಮೋನಿನ ತೊಂದರೆ ಇರುವ ಹುಡುಗಿಯರಿಗೆ ಈ ಮೂರು ದಿನದ ಲೆಕ್ಕವೇ ಹಾಕಲು ಬರುವುದಿಲ್ಲ. ಅವರು ವೈದ್ಯರ ಹತ್ತಿರವೇ ಹೋಗಬೇಕು.

ಎಷ್ಟು ದಿನ ಎಳೆಯಬಹುದು ಎಂದು ಕೇಳುತ್ತೀರಿ. ವಾರ, ಹತ್ತು ದಿನ ಸಾಕು. ಎರಡು ವಾರ ದಾಟುವುದಾದರೆ ಅದು ನೀವೇ ತೀರ್ಮಾನಿಸುವ ವಿಷಯವಲ್ಲ. ಶ್ರಾವಣಕ್ಕೊಮ್ಮೆ, ಗೌರಿಹಬ್ಬಕ್ಕೊಮ್ಮೆ, ದಸರಾಕ್ಕೊಮ್ಮೆ ಎಂದು ತಿಂಗಳು ತಿಂಗಳು ಮುಂದೂಡುವವರೂ ಇದ್ದಾರೆ. ಹಾಗೆ ಮಾಡಿದರೆ ನಡುನಡುವೆ ಕಲೆ, ಆಮೇಲೆ ಜಾಸ್ತಿ ಸ್ರಾವ, ಯಾವುದು ಮುಟ್ಟು ಯಾವುದು ಮಾತ್ರೆಯ ರಕ್ತ ಎಂಬುದೇ ತಿಳಿಯದ ಸ್ಥಿತಿ ಬರುತ್ತದೆ. ನಲವತ್ತು ದಾಟಿದವರಲ್ಲಿ ಗರ್ಭಕೋಶದ ಕಾಯಿಲೆಯಿಂದ ಆಗುವ ರಕ್ತಸ್ರಾವವನ್ನೂ "ಮಾತ್ರೆಯಿಂದ ಹೀಗಾಗಿದೆ" ಎಂದು ಸುಮ್ಮನಾಗಿಬಿಡುವ ಅಪಾಯ ಇಲ್ಲೇ ಇರುವುದು.

ಚಿತ್ರದುರ್ಗದ ಕಡೆ ಕೆಲವು ಹಟ್ಟಿಗಳಲ್ಲಿ ಇವತ್ತಿಗೂ ಮುಟ್ಟಾದವರು ಊರಾಚೆ ಇರಬೇಕು. ಮಳೆಯಲ್ಲಿ, ಚಳಿಯಲ್ಲಿ, ಹಾವು ಹುಳದ ಭಯದಲ್ಲಿ. ಅಂಥ ಕಡೆ ಹೆಣ್ಣುಮಗಳು ಮಾತ್ರೆ ಕೇಳಿದರೆ ಅವಳಿಗೆ ಬುದ್ಧಿ ಹೇಳಲು ಹೋಗಬೇಡಿ. ಅವಳ ಕಾರಣ ಅವಳಿಗಿದೆ. ಆದರೆ ತಿಂಗಳು ತಿಂಗಳು ಮುಟ್ಟು ತಪ್ಪಿಸಲು ಇದು ಸರಿಯಾದ ಮಾತ್ರೆಯಲ್ಲ ಎಂದು ಹೇಳಿ, ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಬೇರೆ ದಾರಿಗಳಿವೆ.

ಸಾಮಾನ್ಯವಾಗಿ ಕಾಣುವ ಅಡ್ಡಪರಿಣಾಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ತನ ಬಿಗಿದು ನೋಯುವುದು, ಹೊಟ್ಟೆ ಉಬ್ಬರ, ವಾಕರಿಕೆ, ಸಣ್ಣ ತಲೆನೋವು, ಮೊಡವೆ, ಸಿಡಿಮಿಡಿ, ಸುಮ್ಮನೆ ಅಳು ಬರುವುದು. ಊಟದ ಜೊತೆ ನುಂಗಿದರೆ ವಾಕರಿಕೆ ಕಡಿಮೆ. ನಿಲ್ಲಿಸಿದ ಮೇಲೆ ಬರುವ ಮುಟ್ಟು ಕೆಲವರಿಗೆ ಎಂದಿಗಿಂತ ಜಾಸ್ತಿ ಹೋಗುತ್ತದೆ. ಇವೆಲ್ಲ ತಾನಾಗಿ ಇಳಿಯುತ್ತವೆ. ಖಿನ್ನತೆಗೆ ಚಿಕಿತ್ಸೆಯಲ್ಲಿರುವವರು ಮಾತ್ರ ಮೊದಲೇ ವೈದ್ಯರಿಗೆ ತಿಳಿಸಬೇಕು.

ನಿಧಾನವಾಗಿ ಕೇಳಬೇಕಾದದ್ದು ಮುಂದಿನದು. ಇದು ಪ್ರೊಜೆಸ್ಟೆರಾನ್ ಜಾತಿಯದು, ಇದರಲ್ಲಿ ಈಸ್ಟ್ರೋಜನ್ ಇಲ್ಲ, ಆದ್ದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇಲ್ಲ ಎಂದು ಬಹಳ ಕಾಲ ಅಂದುಕೊಂಡಿದ್ದರು. ಆದರೆ ನಾರ್‌ಎಥಿಸ್ಟೆರಾನ್‌ನ ಒಂದು ಸಣ್ಣ ಪಾಲು ದೇಹದೊಳಗೆ ಈಥಿನೈಲ್ ಈಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಗರ್ಭನಿರೋಧಕ ಮಾತ್ರೆಯಲ್ಲಿ ಹಾಕುವುದೂ ಅದನ್ನೇ. ದಿನಕ್ಕೆ 10ರಿಂದ 20 ಮಿಲಿಗ್ರಾಂ ನಾರ್‌ಎಥಿಸ್ಟೆರಾನ್ ತೆಗೆದುಕೊಂಡರೆ 20ರಿಂದ 30 ಮೈಕ್ರೋಗ್ರಾಂ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನುಂಗಿದ ಹಾಗೆ ಎಂದು ಅಂದಾಜಿಸಿದ್ದಾರೆ. ಉಪಕೇಂದ್ರದಲ್ಲಿ ನೀವು ಕೊಡುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್‌ನಲ್ಲಿ ಇರುವುದು 30 ಮೈಕ್ರೋಗ್ರಾಂ. ಮಾಲಾ-ಎನ್ ಕೊಡುವಾಗ ನೀವು ಕಾರ್ಡ್ ತೆಗೆದು ಬಿಪಿ ನೋಡಿ, ಹತ್ತು ಪ್ರಶ್ನೆ ಕೇಳುತ್ತೀರಿ. ಡೇಟ್ ಮಾತ್ರೆಗೆ ಒಂದೂ ಇಲ್ಲ.

ಈಸ್ಟ್ರೋಜನ್ ಯಕೃತ್ತಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚು ಮಾಡಿಸುತ್ತದೆ, ತಡೆಯುವ ಅಂಶಗಳನ್ನು ಇಳಿಸುತ್ತದೆ. ಅಪಾಯದ ಪ್ರಮಾಣ ಎಷ್ಟು ಎಂಬುದನ್ನೂ ಸರಿಯಾಗಿ ತಿಳಿದುಕೊಳ್ಳಿ, ಇಲ್ಲದಿದ್ದರೆ ಬರೀ ಹೆದರಿಕೆ ಹುಟ್ಟುತ್ತದೆ. ಯಾವ ಮಾತ್ರೆಯನ್ನೂ ತೆಗೆದುಕೊಳ್ಳದ, ಬಸುರಿಯೂ ಅಲ್ಲದ 10,000 ಹೆಣ್ಣುಮಕ್ಕಳಲ್ಲಿ ವರ್ಷಕ್ಕೆ ಸುಮಾರು 2 ಜನಕ್ಕೆ ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ. ಮಾಲಾ-ಎನ್ ಥರದ, ಈಸ್ಟ್ರೋಜನ್ ಜೊತೆ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟೆರಾನ್ ಜಾತಿಯ ಹಾರ್ಮೋನೂ ಇರುವ ಸಂಯುಕ್ತ ಮಾತ್ರೆ ತೆಗೆದುಕೊಳ್ಳುವವರಲ್ಲಿ 5ರಿಂದ 7. ಡ್ರೊಸ್ಪಿರೆನೋನ್, ಡೆಸೊಜೆಸ್ಟ್ರೆಲ್ ಇರುವ ಹೊಸ ಮಾತ್ರೆಗಳಲ್ಲಿ 9ರಿಂದ 12. ಬಸುರಿನಲ್ಲಿ, ಅದರಲ್ಲೂ ಹೆರಿಗೆಯಾದ ಮೊದಲ ಆರು ವಾರದಲ್ಲಿ, ಈ ಅಪಾಯ ಎಲ್ಲ ಮಾತ್ರೆಗಳಿಗಿಂತ ಜಾಸ್ತಿ. ಅಂದರೆ ಸಂಖ್ಯೆ ಚಿಕ್ಕದು. ಆದರೆ ಆ ಕೆಲವರು ಯಾರಾಗಬಹುದು ಎಂಬುದನ್ನು ಬಹಳ ಸಲ ಮೊದಲೇ ಊಹಿಸಬಹುದು. ಅದಕ್ಕೇ ಕೇಳಿ ಅನ್ನುವುದು.

ಏನು ಕೇಳಬೇಕು? ಹಿಂದೆ ಕಾಲಲ್ಲಿ, ಶ್ವಾಸಕೋಶದಲ್ಲಿ, ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ಅಕ್ಕ, ತಂಗಿ, ತಾಯಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹಾಗಾಗಿತ್ತಾ? ಹೆರಿಗೆಯಾಗಿ ಆರು ವಾರ ಕಳೆದಿದೆಯಾ, ಮಗು ಎದೆಹಾಲು ಕುಡಿಯುತ್ತಿದೆಯಾ? ಇತ್ತೀಚೆಗೆ ಆಪರೇಷನ್ ಆಗಿದೆಯಾ, ಕಾಲಿಗೆ ಪ್ಲಾಸ್ಟರ್ ಹಾಕಿ ಮಲಗಿದ್ದರಾ? ಕಾಮಾಲೆ ಅಥವಾ ಲಿವರ್ ಕಾಯಿಲೆ ಇದೆಯಾ? ಎದೆಯ, ಅಂದರೆ ಸ್ತನದ, ಕ್ಯಾನ್ಸರ್ ಆಗಿತ್ತಾ? ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದೆಯಾ? ಬಸುರಿ ಇರಬಹುದಾ? ಕೊನೆಯದನ್ನು ಕೇಳಲು ಸಂಕೋಚಪಡಬೇಡಿ, ಅನುಮಾನ ಇದ್ದರೆ ಮೂತ್ರ ಪರೀಕ್ಷೆಯ ಕಾರ್ಡ್ ಐದು ನಿಮಿಷದಲ್ಲಿ ಹೇಳುತ್ತದೆ. ಬಿಪಿ ನೋಡಿ. 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಈಸ್ಟ್ರೋಜನ್ ಇರುವ ಮಾತ್ರೆ ಬೇಡ. ಬಹಳ ದಪ್ಪ ಇರುವವರು, 35 ದಾಟಿ ಬೀಡಿ ಸಿಗರೇಟು ಸೇದುವವರು ಇದೇ ಸಾಲಿನವರು. ಕಡ್ಡಿಪುಡಿ ಹಾಕುವವರು ಅದನ್ನೂ ಮುಚ್ಚಿಡದೆ ಹೇಳಬೇಕು, ಅದರ ನಿಕೋಟಿನ್ ಬಿಪಿ ಏರಿಸುತ್ತದೆ.

ಅರೆತಲೆನೋವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲ ಮೈಗ್ರೇನೂ ಒಂದೇ ಅಲ್ಲ. ಕೆಲವರಿಗೆ ತಲೆನೋವು ಬರುವ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿನುಗುತ್ತದೆ, ಅರ್ಧ ನೋಟ ಮಸುಕಾಗುತ್ತದೆ, ತುಟಿ ಅಥವಾ ಒಂದು ಕೈ ಜೋಮು ಹಿಡಿಯುತ್ತದೆ, ಅರ್ಧ ಗಂಟೆಯಲ್ಲಿ ಅದು ಹೋಗಿ ನೋವು ಶುರುವಾಗುತ್ತದೆ. ಇಂಥವರಿಗೆ ಈಸ್ಟ್ರೋಜನ್ ಕೊಟ್ಟರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು. "ತಲೆನೋವು ಬರುತ್ತಾ?" ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಉಪಯೋಗವಿಲ್ಲ. "ನೋವಿಗೆ ಮೊದಲು ಕಣ್ಣಿಗೆ ಏನಾದರೂ ಕಾಣುತ್ತಾ?" ಎಂದು ಕೇಳಿ.

ಇಂಥ ಹಿನ್ನೆಲೆ ಇರುವವರಿಗೂ ಮುಟ್ಟು ಮುಂದೂಡಲೇಬೇಕಾದರೆ ವೈದ್ಯರು ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಮಾತ್ರೆ ಯೋಚಿಸಬಹುದು. ಅದು ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುವುದಿಲ್ಲ. ಯಾರಿಗೆ ಎಷ್ಟು ಎಂಬುದನ್ನು ಅವರೇ ನಿರ್ಧರಿಸಬೇಕು. ಎದೆಯ ಕ್ಯಾನ್ಸರ್ ಆದವರಿಗೆ ಅದೂ ಸಲ್ಲದು.

ಅಪಾಯದ ಲಕ್ಷಣಗಳಿಗೆ ಬರೋಣ. ಒಂದು ಕಾಲು, ನೆನಪಿಡಿ, ಒಂದೇ ಕಾಲು, ಮೀನಖಂಡದಲ್ಲಿ ಊದಿಕೊಂಡು ನೋಯುವುದು, ಮುಟ್ಟಿದರೆ ಬಿಸಿ ಅನಿಸುವುದು. ಎರಡೂ ಕಾಲು ಊದಿದ್ದರೆ ಕಾರಣ ಬೇರೆಯೇ ಇರುವುದು ಹೆಚ್ಚು. ಇದ್ದಕ್ಕಿದ್ದಂತೆ ಉಸಿರು ಸಾಲದಾಗುವುದು, ಉಸಿರೆಳೆದಾಗ ಎದೆಯಲ್ಲಿ ಚುಚ್ಚುವುದು, ಕೆಮ್ಮಿದಾಗ ರಕ್ತ, ಕಣ್ಣು ಕತ್ತಲೆ ಬಂದು ಬೀಳುವುದು. ಇವು ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋದದ್ದರ ಸೂಚನೆ. ಕಾಲು ಊದಿದೆ ಎಂದು ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ತಿಕ್ಕಿದರೆ ಹೆಪ್ಪು ಸಡಿಲವಾಗಿ ಮೇಲೆ ಹೋಗಬಹುದು.

ಮೂರನೆಯದು ಮೆದುಳಿನ ಅಭಿಧಮನಿಯಲ್ಲಿ ಕಟ್ಟುವ ಹೆಪ್ಪು. ಇದಕ್ಕೆ ಹಾರ್ಮೋನು ಮಾತ್ರೆ ಒಂದು ಕಾರಣ, ನಿರ್ಜಲೀಕರಣ ಇನ್ನೊಂದು, ರಕ್ತಹೀನತೆ ಮತ್ತೊಂದು. ನಮ್ಮ ಕಡೆ ಹಬ್ಬದ ದಿನ ಈ ಮೂರೂ ಒಂದೇ ಮೈಯಲ್ಲಿ ಸೇರುತ್ತವೆ. ಹಿಮೋಗ್ಲೋಬಿನ್ ಮೊದಲೇ ಕಡಿಮೆ, ಬೆಳಗಿನಿಂದ ಉಪವಾಸ, ಫಾಲ್ಗುಣದ ಬಿಸಿಲು, ಬಸ್ಸಲ್ಲಿ ಮೂತ್ರಕ್ಕೆ ಕಷ್ಟ ಎಂದು ನೀರೂ ಕುಡಿಯುವುದಿಲ್ಲ, ಮೇಲೆ ಮಾತ್ರೆ. ಲಕ್ಷಣ ಏನು? ಹಿಂದೆಂದೂ ಬಾರದಂಥ ತಲೆನೋವು, ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತ ಹೋಗುವುದು, ಮಲಗಿದರೆ ಹೆಚ್ಚು, ವಾಂತಿ, ಕಣ್ಣು ಮಂಜು, ಆಮೇಲೆ ಫಿಟ್ಸ್ ಅಥವಾ ಕೈಕಾಲು ಸ್ವಾಧೀನ ತಪ್ಪುವುದು. ಇದನ್ನು ಪಿತ್ತ ಎಂದು, ದೃಷ್ಟಿ ಎಂದು, ಗಾಳಿ ಸೋಕಿದೆ ಎಂದು ಮೂರು ನಾಲ್ಕು ದಿನ ಕಳೆಯುವುದೇ ದೊಡ್ಡ ನಷ್ಟ. ಬೇಗ ಸ್ಕ್ಯಾನ್ ಮಾಡಿ ಹೆಪ್ಪು ಬೆಳೆಯದಂತೆ ತಡೆಯುವ ಔಷಧ ಶುರು ಮಾಡಿದರೆ ಬಹಳಷ್ಟು ಜನ ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ಇಂಥ ಯಾವ ಲಕ್ಷಣ ಬಂದರೂ ಮಾತ್ರೆ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ತುರ್ತು ವಿಭಾಗದಲ್ಲಿ ಮೊದಲು ಹೇಳಬೇಕಾದ ಮಾತು, "ಡೇಟ್ ಮಾತ್ರೆ ತಗೊಂಡಿದ್ದೆ, ಇಷ್ಟು ದಿನ". ಇದನ್ನು ಹೇಳದೇ ಇರುವುದೇ ಹೆಚ್ಚು. "ಏನಾದರೂ ಮಾತ್ರೆ ತಗೊಳ್ತೀರಾ?" ಎಂದು ವೈದ್ಯರು ಕೇಳಿದರೆ ಬಿಪಿ, ಶುಗರ್ ಮಾತ್ರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದನ್ನು ಯಾರೂ ಔಷಧ ಎಂದು ಎಣಿಸುವುದಿಲ್ಲ. ಖಾಲಿ ಶೀಟ್ ಎಸೆಯದೆ ಪರ್ಸಿನಲ್ಲಿ ಇಟ್ಟುಕೊಳ್ಳಿ.

ಬೇರೆ ಔಷಧಗಳ ಜೊತೆಗಿನ ಜಗಳವೂ ಇದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಇವು ಯಕೃತ್ತನ್ನು ಚುರುಕು ಮಾಡಿ ಹಾರ್ಮೋನನ್ನು ಬೇಗ ಖಾಲಿ ಮಾಡಿಸುತ್ತವೆ. ಡೇಟ್ ಮಾತ್ರೆ ನುಂಗಿದರೂ ಮುಟ್ಟು ಮುಂದೆ ಹೋಗುವುದಿಲ್ಲ, ಗರ್ಭನಿರೋಧಕ ಮಾತ್ರೆಯಾದರೆ ಅದು ಕೆಲಸ ಮಾಡದೆ ಬಸುರಾಗಿಬಿಡಬಹುದು. ಕ್ಷಯದ ಡಾಟ್ಸ್ ಮಾತ್ರೆ ಕೊಡುವುದೂ ನೀವೇ, ಮಾಲಾ-ಎನ್ ಕೊಡುವುದೂ ನೀವೇ. ಎರಡೂ ಪಟ್ಟಿಯಲ್ಲಿ ಒಂದೇ ಹೆಸರಿದೆಯಾ ಎಂದು ಒಮ್ಮೆ ನೋಡಿ.

ಅಂಗಡಿಯಲ್ಲಿ ಒಂದೇ ಪಿಸುದನಿಯಲ್ಲಿ ಕೇಳುವ ಮೂರು ಬೇರೆ ಬೇರೆ ಮಾತ್ರೆಗಳಿವೆ, ಗೊಂದಲ ಬೇಡ. ಒಂದು, ಈಗ ಹೇಳಿದ ಡೇಟ್ ಮಾತ್ರೆ. ಅದನ್ನು ಗರ್ಭನಿರೋಧಕ ಎಂದು ನಂಬಬೇಡಿ. ಎರಡು, ತುರ್ತು ಗರ್ಭನಿರೋಧಕ, ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂನ ಒಂದೇ ಮಾತ್ರೆ, 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಇದರ ಬಗ್ಗೆ ಜನಕ್ಕೆ ಭಯ ಜಾಸ್ತಿ, ಆದರೆ ಬಿಪಿ ಇರುವವರೂ ಇದನ್ನು ತೆಗೆದುಕೊಳ್ಳಬಹುದು. ಮುಂದಿನ ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗುತ್ತದೆ. ಒಂದು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿ. ಮೂರು, ಗರ್ಭಪಾತದ ಕಿಟ್. ಅದನ್ನು ವೈದ್ಯರ ಮೇಲ್ವಿಚಾರಣೆ ಇಲ್ಲದೆ ಕೊಡುವಂತಿಲ್ಲ. ಮುಟ್ಟು ಬರಲಿಲ್ಲ ಎಂದು ಅದನ್ನು ನುಂಗಿ, ಗರ್ಭ ನಾಳದಲ್ಲಿ ನಿಂತಿದ್ದರೆ ಪ್ರಾಣಕ್ಕೇ ಬರುತ್ತದೆ.

ಕಾಲೇಜು ಹುಡುಗಿಯರಿಗೆ ಒಂದು ಮಾತು. ಪಿಸಿಓಡಿಗೆ, ಮೊಡವೆಗೆ ಎಂದು ಕೊಡುವ ಕೆಲವು 21 ಮಾತ್ರೆಯ ಶೀಟ್‌ಗಳಲ್ಲಿ ಸೈಪ್ರೊಟೆರೋನ್ 2 ಮಿಲಿಗ್ರಾಂ, ಈಸ್ಟ್ರೋಜನ್ 35 ಮೈಕ್ರೋಗ್ರಾಂ ಇರುತ್ತದೆ. ಹೆಪ್ಪಿನ ಅಪಾಯ ಮಾಲಾ-ಎನ್ ಥರದ ಮಾತ್ರೆಗಿಂತ ಒಂದೂವರೆಯಿಂದ ಎರಡು ಪಟ್ಟು. ವೈದ್ಯರು ನೋಡಿ ಕೊಟ್ಟರೆ ತಪ್ಪಿಲ್ಲ. ಆದರೆ ಗೆಳತಿಯ ಚೀಟಿಯ ಫೋಟೋ ತೋರಿಸಿ ವರ್ಷಗಟ್ಟಲೆ ತರುವುದು ಬೇಡ. ಅಪಾಯ ಹೆಚ್ಚಿರುವುದು ಶುರು ಮಾಡಿದ ಮೊದಲ ಕೆಲವು ತಿಂಗಳಲ್ಲಿ. ಬಿಟ್ಟು ಬಿಟ್ಟು ಮತ್ತೆ ಮತ್ತೆ ಶುರು ಮಾಡಿದರೆ ಆ ಅವಧಿಯೂ ಮತ್ತೆ ಮತ್ತೆ ಬರುತ್ತದೆ.

ಗರ್ಭ ತಡೆಯಲು ಕೊಡುವ 'ಅಂತರ' ಎಂಬ ಚುಚ್ಚುಮದ್ದಿನ ಬಗ್ಗೆ ನಿಮ್ಮಿಂದ ಪ್ರಶ್ನೆಯ ಚೀಟಿ ಬಂದಿದೆ. ಮೂರು ತಿಂಗಳಿಗೊಮ್ಮೆ ಕೊಡುವುದು. ಇದರಲ್ಲಿ ಈಸ್ಟ್ರೋಜನ್ ಇಲ್ಲ, ಎದೆಹಾಲು ಕುಡಿಸುವವರೂ ಆರು ವಾರದ ನಂತರ ತೆಗೆದುಕೊಳ್ಳಬಹುದು. ಮೊದಲು ಅಡ್ಡಾದಿಡ್ಡಿ ರಕ್ತ, ಆಮೇಲೆ ಮುಟ್ಟೇ ನಿಲ್ಲುವುದು. ಇದನ್ನು ಚುಚ್ಚುವ ಮುಂಚೆಯೇ ಹೇಳದಿದ್ದರೆ ಎರಡನೇ ಡೋಸಿಗೆ ಯಾರೂ ಬರುವುದಿಲ್ಲ. ಚುಚ್ಚಿದ ಜಾಗವನ್ನು ಉಜ್ಜಬಾರದು, ಶಾಖ ಕೊಡಬಾರದು, ಔಷಧ ಬೇಗ ಕರಗಿಹೋಗುತ್ತದೆ. ಕೆಲವರಿಗೆ ತೂಕ ಏರುತ್ತದೆ. ಮೂಳೆಯ ಸಾಂದ್ರತೆ ಸ್ವಲ್ಪ ಇಳಿದು, ನಿಲ್ಲಿಸಿದ ಮೇಲೆ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ಮತ್ತೆ ಗರ್ಭ ನಿಲ್ಲಲು ಕೊನೆಯ ಡೋಸಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಮುಂದಿನ ವರ್ಷವೇ ಮಗು ಬೇಕು ಅನ್ನುವವರಿಗೆ ಇದು ಹೊಂದುವುದಿಲ್ಲ.

ಕ್ಯಾನ್ಸರ್ ಬರುತ್ತಾ ಎಂಬುದು ಇನ್ನೊಂದು ಪ್ರಶ್ನೆ. ಸಂಯುಕ್ತ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಎದೆಯ ಕ್ಯಾನ್ಸರ್‌ನ ಅಪಾಯ ಸ್ವಲ್ಪ ಏರುತ್ತದೆ, ಬಿಟ್ಟ ಮೇಲೆ ವರ್ಷಗಳಲ್ಲಿ ಇಳಿಯುತ್ತದೆ. ಅಂಡಾಶಯ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಡಿಮೆಯಾಗುತ್ತದೆ. ಎರಡನ್ನೂ ಹೇಳಿ, ಒಂದನ್ನೇ ಹೇಳುವುದು ಸರಿಯಲ್ಲ.

ಕೊನೆಯ ಚೀಟಿ: "ನಾನು ಮಾಲಾ-ಎನ್ ತಗೊಳ್ತಾ ಇದೀನಿ, ಜಾತ್ರೆಗೆ ಡೇಟ್ ಮಾತ್ರೆಯನ್ನೂ ಸೇರಿಸಿ ತಗೋಬಹುದಾ?" ಬೇಕಿಲ್ಲ. ಪ್ಯಾಕೆಟ್ ತೆಗೆದು ನೋಡಿ. 28 ಮಾತ್ರೆಯಲ್ಲಿ 21 ಬಿಳಿಯವು ಹಾರ್ಮೋನು, ಉಳಿದ 7 ಬಣ್ಣದವು ಕಬ್ಬಿಣಾಂಶದವು. ಬಣ್ಣದ ಮಾತ್ರೆಗೆ ಬಂದಾಗ ಹಾರ್ಮೋನು ನಿಂತು ಮುಟ್ಟಾಗುತ್ತದೆ. ಬಿಳಿ ಮಾತ್ರೆ ಮುಗಿದ ಮರುದಿನವೇ ಬಣ್ಣದವನ್ನು ಬಿಟ್ಟು ಹೊಸ ಪ್ಯಾಕೆಟ್‌ನ ಬಿಳಿ ಮಾತ್ರೆ ಶುರು ಮಾಡಿದರೆ ಮುಟ್ಟು ಮುಂದೆ ಹೋಗುತ್ತದೆ, ಗರ್ಭನಿರೋಧವೂ ಮುಂದುವರಿಯುತ್ತದೆ. ಆಶಾ ಅಕ್ಕನ ಹತ್ತಿರ ಒಂದು ಪ್ಯಾಕೆಟ್ ಮೊದಲೇ ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ.